ಪಾತ್ರ ತಪ್ಪಿದ ಮಾತು

ಆಪ್ತಸಮಾಲೋಚನೆ ಕಲಿಯುತ್ತಿದ್ದ ಇಂದುಮತಿ ತನ್ನ ಗುರುವನ್ನು ಕೇಳಿದಳು: "ಅಮ್ಮಾ, ನೊಂದವರನ್ನು ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ಬಾಯಿಪಾಠ ಮಾಡಿದ್ದೇನೆ. ನಾಳೆ ಲೈಸೆನ್ಸ್ ಪರೀಕ್ಷೆಗೆ ಅಷ್ಟು ಸಾಕಲ್ಲವೇ?"

ಗುರು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಕತೆ ಹೇಳಿದರು.

ಇಬ್ಬರು ಗೆಳತಿಯರು ನಿನ್ನ ಹಾಗೆಯೇ ಓದಿ ಪರೀಕ್ಷೆಗೆ ಬಂದರು. ಅಲ್ಲಿನ ಪದ್ಧತಿ ನಿನಗೂ ಗೊತ್ತಲ್ಲ. ಒಬ್ಬಳು ನೊಂದವಳ ಪಾತ್ರ ಮಾಡಬೇಕು, ಇನ್ನೊಬ್ಬಳು ಸಮಾಲೋಚಕಿಯಾಗಿ ಅವಳನ್ನು ಮಾತಾಡಿಸಬೇಕು. ಪರೀಕ್ಷಕರು ನೋಡಿ ಅಂಕ ಹಾಕುತ್ತಾರೆ. ನೋವು ಯಾವುದಾದರೂ ಆದೀತು, ಕಲ್ಪಿಸಿಕೊಂಡು ಹೇಳಿದರಾಯಿತು. ಇವರಿಗಿಂತ ಮುಂಚೆ ಕೂತವಳು ಗಂಡ ಬಿಟ್ಟುಹೋದನೆಂದು ಬಿಕ್ಕಿ ಬಿಕ್ಕಿ ಅತ್ತಿದ್ದಳು. ಈಗ ಹೊರಗೆ ನಿಂತು ಬೋಂಡ ತಿನ್ನುತ್ತಿದ್ದಳು.

ಇವರ ಸರದಿ ಬಂತು. ಪಾತ್ರದ ಹುಡುಗಿ ಕುರ್ಚಿಯಲ್ಲಿ ಕೂತು ಮೆಲ್ಲಗೆ ಹೇಳಿದಳು. ತಾಯಿ ಹೋದ ಮೇಲೆ ಬಾಯಿಗೆ ರುಚಿಯಿಲ್ಲ, ಬೆಳಗಾದರೆ ಏಳಲು ಮನಸ್ಸಿಲ್ಲ. ಸಾಯುವುದೆಂದು ತೀರ್ಮಾನಿಸಿಯಾಗಿದೆ, ಈ ಪರೀಕ್ಷೆಯೊಂದು ಮುಗಿಯಲೆಂದು ಕಾದಿದ್ದೇನೆ ಎಂದಳು.

ಗೆಳತಿ ಪ್ರಶ್ನೆಗಳನ್ನೆಲ್ಲ ಒಂದೂ ಬಿಡದೆ ಕೇಳಿದಳು. ದನಿ ತಗ್ಗಿಸಬೇಕಾದಲ್ಲಿ ತಗ್ಗಿಸಿದಳು. ಪರೀಕ್ಷಕರು ಮೆಚ್ಚಿ ತಲೆದೂಗಿದರು. ಅವರಲ್ಲಿ ಹಿರಿಯರು ಪಾತ್ರದ ಹುಡುಗಿಗೆ, ಅಭಿನಯ ಸೊಗಸಾಗಿತ್ತಮ್ಮ, ಆದರೆ ಪಾತ್ರ ಮಾಡುವಾಗ ನಡುವೆ ಪರೀಕ್ಷೆಯ ಮಾತು ಎತ್ತಬಾರದು ಎಂದು ಬುದ್ಧಿ ಹೇಳಿದರು.

ಇಷ್ಟು ಕೇಳಿ ಇಂದುಮತಿ ನಕ್ಕಳು. ತಾನಾಗಿದ್ದರೆ ಅಂಥ ತಪ್ಪು ಮಾಡುತ್ತಿರಲಿಲ್ಲ ಎಂದಳು. ಗುರು ಕತೆ ಮುಂದುವರಿಸಿದರು.

ಮುಂದಿನ ಜೋಡಿಯನ್ನು ಕರೆದರು. ಹುಡುಗಿ ಕುರ್ಚಿ ಬಿಟ್ಟು ಏಳಲಿಲ್ಲ. ಗೆಳತಿ ಭುಜ ತಟ್ಟಿ, ಮುಗಿಯಿತು ಕಣೇ, ಏಳು ಎಂದಳು. ಹುಡುಗಿ ತಲೆಯೆತ್ತಿ ಅವಳನ್ನೇ ನೋಡಿದಳು.

"ಹಾಗಾದರೆ ನಾನು ಇನ್ನು ಹೋಗಲಾ?"

ಭುಜದ ಮೇಲಿನ ಕೈ ಅಲ್ಲೇ ನಿಂತುಬಿಟ್ಟಿತು. ಪರೀಕ್ಷಕರು ದಡಕ್ಕನೆ ಎದ್ದರು. ಗೆಳತಿಗೆ ಕಲಿತ ಪ್ರಶ್ನೆ ಒಂದೂ ನೆನಪಾಗಲಿಲ್ಲ. ಅವಳನ್ನು ಗಟ್ಟಿಯಾಗಿ ಅಪ್ಪಿ ಹಿಡಿದಳು, ಬಾಗಿಲ ಕಡೆ ಬಿಡಲೇ ಇಲ್ಲ. ಪರೀಕ್ಷೆ ಅಲ್ಲಿಗೇ ನಿಂತಿತು. ಹುಡುಗಿಯ ಅಣ್ಣನಿಗೆ ಹೇಳಿಕಳಿಸಿ, ಎಲ್ಲರೂ ಸೇರಿ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಹುಡುಗಿ ಉಳಿದಳು.

ಇಂದುಮತಿ ಕೇಳಿದಳು: "ಅಲ್ಲಮ್ಮಾ, ಇದು ಪಾತ್ರವಲ್ಲ, ನಿಜ ಎಂದು ಅವಳು ಮೊದಲೇ ಹೇಳಬಾರದಿತ್ತೇ?"

ಗುರು ಹೇಳಿದರು: "ಹೇಳಿದಳಲ್ಲ ಮಗಳೇ, ಆ ಮಾತಿಗೇ ನೀನು ನಕ್ಕದ್ದು."