ವಾಯಿದೆ ಕೆರೆ

ಗೌನಸಂದ್ರದ ಏರಿಯ ಮೇಲೆ ನಿಂತರೆ ಎಡಕ್ಕೆ ತುಂಬಿದ ಕೆರೆ, ಬಲಕ್ಕೆ ಕಣ್ಣು ಹಾಯುವಷ್ಟು ದೂರ ಜಾಲಿ. ನೀರಿನ ಅಂಚಿನಲ್ಲಿ ತೂಬಿನ ಎರಡು ಕಲ್ಲುಕಂಬಗಳಿವೆ. ಒಂದು ಗೂನು ಬಿದ್ದ ಮುದುಕನ ಹಾಗೆ ವಾಲಿದೆ. ಹಳೆಯ ಶಾಸನದಲ್ಲಿ ಈ ಕೆರೆಗೆ ಲಕ್ಷ್ಮೀಸಮುದ್ರವೆಂಬ ಲಕ್ಷಣವಾದ ಹೆಸರಿದೆ. ಆದರೆ ಬಸ್ಸಿನ ಕಂಡಕ್ಟರ್ ಕೂಗುವುದು 'ವಾಯಿದೆ ಕೆರೆ' ಎಂದೇ. ಕೇಳಿದ ಪರಸ್ಥಳದವರು ನಗುತ್ತಾರೆ. ನಮಗೆ ನಗು ಬರುವುದಿಲ್ಲ.

ಹಿಂದೆ ಒಮ್ಮೆ, ದೊಡ್ಡ ಯುದ್ಧದ ಕೊನೆಯ ಬೇಸಿಗೆಯಲ್ಲಿ, ದಂಡಿನ ವಿಮಾನವೊಂದು ಹೊಗೆಯುಗುಳುತ್ತ ಬಂದು ಒಣಗಿದ ಕೆರೆಯೊಳಗೆ ಬಿತ್ತು ಎನ್ನುತ್ತಾರೆ. ನಡೆಸುತ್ತಿದ್ದವನು ಕೊಡೆ ಬಿಚ್ಚಿ ಹಾರಿ ಉಳಿದುಕೊಂಡ. ನಮ್ಮವರು ಕೊಟ್ಟ ಮಜ್ಜಿಗೆ ಕುಡಿದು ಹೋದ. ವಿಮಾನದ ಮೂತಿ ಮಾತ್ರ ಒಂದು ಕಂಬವನ್ನು ವಾಲಿಸಿ ಸರಿಯಾಗಿ ತೂಬಿನ ಬಾಯಿಗೇ ನೆಟ್ಟುಕೊಂಡಿತ್ತು. ನಾಲ್ಕು ಜೋಡಿ ಎತ್ತು ಕಟ್ಟಿ ಅಂದೇ ಎಳೆದು ಬಿಸಾಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. 'ಸರ್ಕಾರದ ಸ್ವತ್ತು, ಮುಟ್ಟಬೇಡಿ' ಎಂದರು ಊರ ಹಿರಿಯರು. ಅವರ ವಿವೇಕಕ್ಕಿಷ್ಟು ಬೆಂಕಿ ಬೀಳಲಿ!

ಯುದ್ಧ ಮುಗಿಯಿತು. ದಂಡಿನವರ ಹಳೆಯ ಲೋಹವನ್ನೆಲ್ಲ ಹರಾಜಿನಲ್ಲಿ ಹಿಡಿದಿದ್ದೇನೆ, ವಿಮಾನವೂ ನನ್ನದೇ ಎಂದು ಗುಜರಿ ವ್ಯಾಪಾರಿ ಗುಂಡಯ್ಯಶೆಟ್ಟಿ ಬಂದ. ಬಿದ್ದ ಮಾತ್ರಕ್ಕೆ ವಿಮಾನ ಗುಜರಿಯಾಗದು, ಅದು ನಮ್ಮದು ಎಂದರು ದಂಡಿನವರು. ವ್ಯಾಜ್ಯ ಕೋರ್ಟಿನ ಮೆಟ್ಟಿಲು ಹತ್ತಿತು. ತೀರ್ಪಾಗುವವರೆಗೆ ಯಾರೂ ಅದನ್ನು ಕದಲಿಸಕೂಡದೆಂದು ತಡೆಯಾಜ್ಞೆಯಾಯಿತು. ಅಷ್ಟರಲ್ಲಿ ಮಳೆ ಹೊಯ್ದು ಕೆರೆ ತುಂಬಿತು. ತೂಬು ಎತ್ತುವಂತಿಲ್ಲ, ಏರಿ ಕಡಿದರೆ ಕೆರೆಯೇ ಹೋಗುತ್ತದೆ. ಕೆಳಗಿನ ಗದ್ದೆಗಳ ಪೈರು ಆ ನೀರಿನ ಮಗ್ಗುಲಲ್ಲೇ ಒಣಗಿತು. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಮಾತನ್ನು ನಮ್ಮೂರಿನಷ್ಟು ಅನುಭವಿಸಿದವರಿಲ್ಲ.

ಕೆರೆಯ ನೀರು ಬಿಡುತ್ತಿದ್ದ ನೀರುಗಂಟಿ ಪಿಳ್ಳಪ್ಪ ಬುತ್ತಿ ಕಟ್ಟಿಕೊಂಡು ಪೇಟೆಯ ಕೋರ್ಟಿಗೆ ನಡೆದು ಕೈಮುಗಿದನಂತೆ. "ಸ್ವಾಮಿ, ಇಮಾನ ಯಾರ್ದಾನ ಆಗ್ಲಿ, ತೂಬು ನಮ್ದು. ಒಸಿ ಪಕ್ಕಕ್ ಎಳ್ಯಾಕೆ ಅಪ್ಪಣೆ ಕೊಡಿ." ನ್ಯಾಯಾಧೀಶರ ಮನಸ್ಸು ಕರಗುತ್ತಿತ್ತೋ ಏನೋ, ಶೆಟ್ಟಿಯ ವಕೀಲ ಒಂದು ಫೋಟೋ ಮುಂದಿಟ್ಟ. ನೀರು ಬಿಡುವ ದಿನ ತೂಬಿಗೆ ಅರಿಸಿನ ಕುಂಕುಮ ಹಚ್ಚಿ ಕಾಯಿ ಒಡೆಯುವುದು ನಮ್ಮ ಪದ್ಧತಿ. ತೂಬೇ ಕಾಣದಿದ್ದುದರಿಂದ ಪಿಳ್ಳಪ್ಪ ಆ ವರ್ಷ ವಿಮಾನದ ಬೆನ್ನಿಗೇ ಹಚ್ಚಿದ್ದ. "ನೋಡಿ, ಇದನ್ನು ದೇವರು ಮಾಡಿಕೊಂಡು ಊರವರೇ ಲಪಟಾಯಿಸಲು ಹೊರಟಿದ್ದಾರೆ" ಎಂದ ವಕೀಲ. ಹೀಗೆ ಕೇಳದೆಯೇ ನಮ್ಮೂರು ಮೂರನೆಯ ಹಕ್ಕುದಾರನಾಯಿತು. "ನಮಗದು ಬ್ಯಾಡವೇ ಬ್ಯಾಡ ಸ್ವಾಮಿ" ಎಂದು ಪಿಳ್ಳಪ್ಪ ಬಾಯಿ ಬಡಿದುಕೊಂಡ. ಬೇಡವೆಂಬುದನ್ನೂ ವಿಚಾರಿಸಬೇಕೆಂದು ಕೇಸು ಮುಂದಕ್ಕೆ ಹೋಗಿ ವಾಯಿದೆ ಬಿತ್ತು. ಆಮೇಲೆ ಇನ್ನೊಂದು, ಮತ್ತೊಂದು. ಈ ಸಲವಾದರೂ ನೀರುಂಟೇ ಎಂದು ಕೇಳಿದವರಿಗೆಲ್ಲ ಪಿಳ್ಳಪ್ಪನ ಉತ್ತರ ಒಂದೇ, "ವಾಯಿದೆ". ಗದ್ದೆಯವರು ಒಬ್ಬೊಬ್ಬರಾಗಿ ಚಿನ್ನದ ಗಣಿಯ ಕೂಲಿಗೆ ಹೊರಟುಹೋದರು.

ಪಿಳ್ಳಪ್ಪನ ಮೊಮ್ಮಕ್ಕಳ ಮದುವೆಯಾದ ಮೇಲೆ ತೀರ್ಪು ಬಂತು. ವಿಮಾನ ದಂಡಿನದೇ. ಗೆದ್ದವರು ಜೀಪಿನಲ್ಲಿ ಬಂದರು, ಪಾಚಿ ಹಿಡಿದ ತಗಡನ್ನು ಬೂಟುಗಾಲಿನಿಂದ ಒದ್ದು ನೋಡಿ, ಇದು ನಮಗೆ ಉಪಯೋಗವಿಲ್ಲವೆಂದು ಹೊರಟುಹೋದರು. ಸೋತ ಶೆಟ್ಟಿಯ ಮಕ್ಕಳೇ ಅದನ್ನು ಬಿಟ್ಟಿಯಾಗಿ ಲಾರಿಗೆ ತುಂಬಿಕೊಂಡರು! ಆ ಮಳೆಗಾಲದಲ್ಲಿ ಕೆರೆ ತುಂಬಿದಾಗ ಮುದುಕ ಪಿಳ್ಳಪ್ಪ ತೂಬಿಗೆ ಅರಿಸಿನ ಕುಂಕುಮ ಹಚ್ಚಿ, ಕಾಯಿ ಒಡೆದು, ತೂಬು ಎತ್ತಿದ. ನೀರು ಹಳೆಯ ಕಾಲುವೆ ಹಿಡಿದು ಹರಿಯಿತು. ಗದ್ದೆಗೆ ತಿರುಗಿಸಿಕೊಳ್ಳಲು ಗುದ್ದಲಿ ಹಿಡಿದು ನಿಂತವರು ಒಬ್ಬರೂ ಇರಲಿಲ್ಲ. ಅವನು ಏರಿಯ ಮೇಲೆ ಕುಳಿತು ಗೊಳೋ ಎಂದು ಅತ್ತನೆನ್ನುತ್ತಾರೆ.

ವಾಲಿದ ಕಂಬದ ಪಕ್ಕದಿಂದ ಆ ನೀರು ಇಂದಿಗೂ ಹರಿಯುತ್ತದೆ. ಏರಿಯಿಂದ ಕಾಣುವ ಜಾಲಿಯೆಲ್ಲ ಹಳೆಯ ಗದ್ದೆಗಳಲ್ಲಿ ಅದನ್ನು ಕುಡಿದೇ ಬೆಳೆದದ್ದು. ನೋಡಲು ಬಂದವರು ಎಷ್ಟು ಹಸಿರಾಗಿದೆಯೆಂದು ಹಿಗ್ಗಿ ಫೋಟೋ ತೆಗೆದುಕೊಳ್ಳುತ್ತಾರೆ.