ಹಿಡಿಯದ ಕೈಯ ನಾಡಿ

ಆಸ್ಪತ್ರೆಯಲ್ಲಿ ಸೋಂಕು ಜ್ವರ ಹಬ್ಬಿತು. ನರ್ಸಿಂಗ್ ವಿದ್ಯಾರ್ಥಿನಿಯರಿಗೆ ಎರಡು ತಿಂಗಳು ವಾರ್ಡಿನ ಬಾಗಿಲು ಮುಚ್ಚಿತು. ಊರಿಗೆ ಕಳಿಸುವಾಗ ಪಾಠ ಹೇಳುವ ಕಮಲಾಕ್ಷಿ ಮೇಡಂ ಒಂದೇ ಕೆಲಸ ಕೊಟ್ಟರು. ನೂರು ಜನರ ನಾಡಿಯನ್ನು ಪೂರ್ತಿ ಒಂದೊಂದು ನಿಮಿಷ ಎಣಿಸಿ, ರೆಕಾರ್ಡ್ ಪುಸ್ತಕದಲ್ಲಿ ಬರೆದು ತರಬೇಕು. ತರದವರಿಗೆ ಪರೀಕ್ಷೆಯಿಲ್ಲ.

ಆ ವಿದ್ಯಾರ್ಥಿನಿಯರಲ್ಲಿ ದಾನೇಶ್ವರಿ ಜಾಣೆ. ಆದರೆ ಬೆನ್ನ ಹಿಂದೆ ಮೇಡಂ ನಿಂತಿದ್ದರೆ ಮಾತ್ರ ಜಾಣೆ. ಮೂರು ವಾರ ಪುಸ್ತಕ ಮುಟ್ಟಲಿಲ್ಲ. ಕೊನೆಗೆ ಜೊತೆಗೆ ಓದುವ ಗೆಳತಿ ರಕ್ಷಿತಾ ಫೋನಿನಲ್ಲಿ ಉಪಾಯ ಹೇಳಿದಳು.

"ಎಲ್ಲಾರಿಗೂ ಎಪ್ಪತ್ತೆರಡು ಅಂತ ಬರಿ. ಯಾರ ಬಂದು ನೋಡ್ತಾರ?"

ದಾನೇಶ್ವರಿ ಕಟ್ಟೆಯ ಮೇಲೆ ಕುಳಿತು ಅರ್ಧ ಗಂಟೆಯಲ್ಲಿ ನಲವತ್ತು ಹೆಸರು ಬರೆದಳು. ಓಣಿಗೆ ಓಣಿಯೇ ಒಂದೇ ತಾಳಕ್ಕೆ ಬಡಿಯತೊಡಗಿತು!

ಪಕ್ಕದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಅಜ್ಜಿ ಕೇಳಿದಳು, "ಏನ ಬರ್ಯಾಕತ್ತೀ ಯವ್ವಾ?"

"ಮಂದಿ ನಾಡಿ, ಅಜ್ಜಿ. ನಿಂದೂ ಬರದೀನಿ. ಎಪ್ಪತ್ತೆರಡು."

"ನನ್ನ ಕೈ ಹಿಡೀಲಾರ್ದ ಹ್ಯಾಂಗ ಗೊತ್ತಾತು?"

ಅಜ್ಜಿ ಬೈದಿರಲಿಲ್ಲ, ಸುಮ್ಮನೆ ಕೇಳಿದ್ದಳು. ದಾನೇಶ್ವರಿಗೆ ನಾಚಿಕೆಯಾಯಿತು. ಅಜ್ಜಿಯ ಮಣಿಕಟ್ಟು ಹಿಡಿದು ಗಡಿಯಾರ ನೋಡಿದಳು. ಹದಿನೈದು ಸೆಕೆಂಡು ಎಲ್ಲ ಸರಿಯಿತ್ತು. ಸಾಕು, ನಾಲ್ಕರಿಂದ ಗುಣಿಸಿದರಾಯಿತು ಅನ್ನಿಸಿತು. ಆದರೂ ಕೈ ಬಿಡಲಿಲ್ಲ. ಅರ್ಧ ನಿಮಿಷ ದಾಟಿದ ಮೇಲೆ ಒಂದು ಬಡಿತ ತಪ್ಪಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಮತ್ತೆ ಎಣಿಸಿದರೂ ಹಾಗೆಯೇ.

ಅಂದೇ ಅಜ್ಜಿಯನ್ನು ಡಾಕ್ಟರ ಬಳಿ ಕರೆದೊಯ್ದಳು. "ಲಗೂನ ಕರ್ಕೊಂಡು ಬಂದದ್ದು ಚಲೋ ಆತು," ಎಂದು ಡಾಕ್ಟರು ಔಷಧ ಶುರು ಮಾಡಿದರು.

ಮರುದಿನದಿಂದ ದಾನೇಶ್ವರಿ ಗಡಿಯಾರ ಕಟ್ಟಿಕೊಂಡು ಮನೆಮನೆ ತಿರುಗಿದಳು. ಹೋಗು ಎಂದು ಯಾರೂ ಹೇಳಬೇಕಾಗಲಿಲ್ಲ.

ವಾರ್ಡು ತೆರೆದ ದಿನ ಮೇಡಂ ಪುಸ್ತಕಗಳನ್ನು ನೋಡಿದರು. ರಕ್ಷಿತಾಳದು ನೂರಕ್ಕೆ ನೂರು, ಮುತ್ತಿನಂಥ ಅಕ್ಷರ, ಎಲ್ಲವೂ ಎಪ್ಪತ್ತೆರಡು. ದಾನೇಶ್ವರಿಯದರಲ್ಲಿ ಮೊದಲ ನಲವತ್ತು ಸಾಲಿಗೂ ಗೀಟು ಬಿದ್ದಿತ್ತು. ಕೆಳಗೆ ಇದ್ದದ್ದು ಎಂಬತ್ತೆಂಟೇ ನಾಡಿ, ಅಂಕಿಗಳು ಬೇರೆ ಬೇರೆ.

"ಇವನ್ನ್ಯಾಕ ಹೊಡದ ಹಾಕೀದಿ?"

ಪರೀಕ್ಷೆ ಹೋಯಿತೆಂದೇ ದಾನೇಶ್ವರಿ ತಲೆ ತಗ್ಗಿಸಿದಳು. "ಅವು ನಾ ಹಿಡೀಲಾರದ ಕೈ ರೀ ಮೇಡಂ."

ಮೇಡಂ ಪುಸ್ತಕವನ್ನು ಅವಳಿಗೆ ಮರಳಿ ಕೊಟ್ಟರು. "ಉಳಿದ ಹನ್ನೆರಡು ವಾರ್ಡಿನಾಗ ಮುಗಸು, ಪರೀಕ್ಷೆಗೆ ಕೂಡು," ಎಂದರು. ಆಮೇಲೆ ರಕ್ಷಿತಾಳ ಪುಸ್ತಕ ಮುಚ್ಚಿ ಅವಳ ಕೈಗಿಟ್ಟರು. "ನೀನೂ ಇಕಿ ಕೂಡ ಹೋಗವಾ. ನಿಂದು ಒಂದರಿಂದ ಶುರು."

ನೀತಿ: ಕಲಿಸುವವರು ಎದುರಿಗಿಲ್ಲದಾಗಲೂ ಕಲಿಯುವುದನ್ನು ಬಿಡಬಾರದು. ನಾವು ನೋಡದೆ ಬರೆದ ಸಾಲಿನಲ್ಲಿ ನಮ್ಮ ಮನೆಯವರ ಜೀವವೇ ಇದ್ದೀತು.