ಗುಬ್ಬಿ ಬರೆದ ಇವತ್ತು

ದೆವ್ವ ಒಳಗೆ ಬಾರದಿರಲೆಂದು ಮನೆಯವರು ಬಾಗಿಲ ಮೇಲೆ ಇದ್ದಿಲಲ್ಲಿ ‘ನಾಳೆ ಬಾ’ ಎಂದು ಬರೆದಿದ್ದರು. ಅದೇ ಬಾಗಿಲ ಮೇಲಿನ ಜಂತೆಯಲ್ಲಿ ಗೂಡು ಕಟ್ಟಬೇಕೆಂದು ಗುಬ್ಬಿಯೊಂದಕ್ಕೆ ಆಸೆ. ಮೊಟ್ಟೆಯಿಡುವ ದಿನ ಹತ್ತಿರವಾದರೂ ಒಂದು ಕಡ್ಡಿ ಕೂಡ ತಂದಿರಲಿಲ್ಲ.

“ನಾಳೆಯಿಂದ ಶುರು ಮಾಡುತ್ತೇನೆ, ಹಲ್ಲಿಯಣ್ಣ” ಎಂದಿತು ಗುಬ್ಬಿ.

ಗೋಡೆಯ ಮೇಲಿದ್ದ ಹಲ್ಲಿ ಲೊಚಗುಟ್ಟಿತು. “ದೆವ್ವದ ಪಾಡೂ ಇದೇ, ತಂಗಿ. ದಿನಾ ಬರುತ್ತದೆ, ಓದುತ್ತದೆ, ನಾಳೆ ಬಂದರಾಯಿತು ಎಂದು ಹೋಗುತ್ತದೆ. ಬರೆದ ಮಾತಿಗೆ ಅಷ್ಟು ಬಲ. ನಿನ್ನದನ್ನೂ ಬರೆದುಕೋ.”

ಗುಬ್ಬಿ ಇದ್ದಿಲ ಚೂರನ್ನು ಕೊಕ್ಕಿನಲ್ಲಿ ಹಿಡಿದು ಜಂತೆಯ ಮೇಲೆ ಬರೆಯಿತು: ‘ಇವತ್ತು ಹತ್ತು ಕಡ್ಡಿ.’

ಮರುದಿನ ಎದ್ದು ಓದಿದರೆ ಇವತ್ತು ಎಂದೇ ಇತ್ತು. ಅದರ ಮರುದಿನವೂ ಇವತ್ತೇ.

ಗೂಡಿನಲ್ಲಿ ಮರಿಗಳು ಚಿಲಿಪಿಲಿಗುಟ್ಟುವಾಗಲೂ ದೆವ್ವ ಬಾಗಿಲು ಓದಿಕೊಂಡು ವಾಪಸು ಹೋಗುತ್ತಲೇ ಇತ್ತು.